ಉತ್ತರ ಡಕೋಟದ ತಲೆಯೆಣಿಕೆ

1971ರ ಖಾನೇಷುಮಾರಿಯಲ್ಲಿ ನಾನು ಗಣತಿದಾರನಾಗಿದ್ದೆ. ಆಗ ನನಗೆ ಇಪ್ಪತ್ಮೂರು ವರ್ಷ. ಮೇಷ್ಟರ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಹಾಸನದ ಕಡೆಯ ಮೂರು ಹಳ್ಳಿಗಳು ನನ್ನ ಪಾಲಿಗೆ ಬಂದವು. ಗಂಡನ ಹೆಸರು ಹೇಳಲು ನಾಚುವ ಹೆಂಗಸರು, ವಯಸ್ಸೆಷ್ಟು ಎಂದರೆ "ಪ್ಲೇಗು ಬಂದ ವರ್ಷ ಹುಟ್ಟಿದ್ದು, ನೀವೇ ಲೆಕ್ಕ ಹಾಕ್ಕೊಳ್ಳಿ ಮೇಷ್ಟ್ರೆ" ಎನ್ನುವ ಮುದುಕರು, ಬೀಗ ಹಾಕಿದ ಬಾಗಿಲುಗಳು—ಎಲ್ಲವನ್ನೂ ಕಂಡೆ. ಒಂದು ಬೀಗದ ಮನೆಗೆ ನಾಲ್ಕು ಸಲ ಹೋಗಿ ಬಂದದ್ದು ಇಂದಿಗೂ ನೆನಪಿದೆ. ಅಂದು ಹತ್ತಿದ ಗೀಳು ಬಿಟ್ಟಿಲ್ಲ. ಯಾವ ದೇಶದ ಜನಗಣತಿಯ ಪಟ್ಟಿ ಸಿಕ್ಕಿದರೂ ಕಾದಂಬರಿಯಂತೆ ಓದುತ್ತೇನೆ. ಮನೆಯಲ್ಲಿ ಇದು ನಗೆಗೀಡಾದ ವಿಷಯ.

2023ರ ಬೇಸಗೆಯಲ್ಲಿ ಮಗಳ ಮನೆಗೆಂದು ಅಮೆರಿಕದ ಉತ್ತರ ಡಕೋಟ ಸಂಸ್ಥಾನದ ಫಾರ್ಗೊ ನಗರಕ್ಕೆ ಹೋಗಿದ್ದೆ. ನೆರೆಮನೆಯಲ್ಲಿ ಒಬ್ಬ ನಿವೃತ್ತ ಉಪಾಧ್ಯಾಯಿನಿ ಇದ್ದರು. ಎಂಬತ್ತಕ್ಕೆ ಹತ್ತಿರವಾದ ವಯಸ್ಸು, ಒಂಟಿ ಜೀವ. ನನ್ನ ಗೀಳಿನ ಸಮಾಚಾರ ಮಗಳಿಂದ ತಿಳಿದು, ಒಂದು ಸಂಜೆ ಕಾಗದವೊಂದನ್ನು ಹಿಡಿದುಕೊಂಡು ಬಂದರು. "ನೀವು ಎಣಿಸಿದವರಂತೆ. ನಾನು ಎಣಿಸಿಕೊಂಡವಳು. ನೋಡಿ" ಎಂದು ಮೇಜಿನ ಮೇಲೆ ಹರಡಿದರು.

ಅಮೆರಿಕದಲ್ಲಿ ಜನಗಣತಿಯ ಮೂಲ ಹಾಳೆಗಳನ್ನು 72 ವರ್ಷ ಗುಟ್ಟಾಗಿಟ್ಟು ಆಮೇಲೆ ಸಾರ್ವಜನಿಕರಿಗೆ ತೆರೆಯುತ್ತಾರೆ. 1950ರ ಹಾಳೆಗಳು ಹಾಗೆ 2022ರ ಏಪ್ರಿಲ್ ಒಂದರಂದು ಹೊರಬಂದವು. ಅವರು ತಂದದ್ದು ತಮ್ಮ ಹುಟ್ಟೂರಿನ ಹಾಳೆಯ ಪ್ರತಿ. ಮೂವತ್ತು ಗೆರೆಗಳು, ಗಣತಿದಾರನ ಕೈಬರಹ. ಐದು ಮನೆಗಳ ಇಪ್ಪತ್ತೆಂಟು ಜನ. ಒಂದು ಗೆರೆಯಲ್ಲಿ "ಖಾಲಿ ಮನೆ" ಎಂದಿತ್ತು. ಇನ್ನೊಂದರಲ್ಲಿ "ಮನೆಯಲ್ಲಿ ಯಾರೂ ಇಲ್ಲ, 71ನೆಯ ಹಾಳೆ ನೋಡಿ" ಎಂದಿತ್ತು. ಮೊದಲ ಸಲ ಹೋದಾಗ ಸಿಗದವರನ್ನು ಆ ಗಣತಿಯಲ್ಲಿ 71ನೆಯ ಹಾಳೆಯಿಂದ ಮುಂದೆ ಬರೆಯುವುದು ಕ್ರಮವಂತೆ. ಆ ಗೆರೆ ಓದಿ ನನ್ನ ನಾಲ್ಕು ಸಲದ ಬೀಗದ ಮನೆ ಕಣ್ಣಮುಂದೆ ಬಂತು. ಏಪ್ರಿಲಿನಲ್ಲಿ ಕರಗುತ್ತಿರುವ ಹಿಮದ ಕೆಸರಿನಲ್ಲಿ ಆ ಪುಣ್ಯಾತ್ಮ ಮತ್ತೊಮ್ಮೆ ಅಷ್ಟು ದೂರ ಹೋಗಿರಬೇಕು.

ಉಪಾಧ್ಯಾಯಿನಿಯವರ ಮನೆಯಲ್ಲಿ ಆಗ ಒಂಬತ್ತು ಜನ: ತಂದೆ, ತಾಯಿ, ಅಜ್ಜಿ, ಐದು ಮಕ್ಕಳು, ಒಬ್ಬ ಆಳು. ಅಜ್ಜಿಯ ಹುಟ್ಟಿದ ದೇಶ ಎಂಬಲ್ಲಿ "ರಷ್ಯ" ಎಂದು ಬರೆದಿತ್ತು. "ಆದರೆ ಅಜ್ಜಿಗೆ ರಷ್ಯನ್ ಬರುತ್ತಿರಲಿಲ್ಲ, ಇಂಗ್ಲಿಷೂ ಬರುತ್ತಿರಲಿಲ್ಲ. ಜರ್ಮನ್ ಮಾತ್ರ" ಎಂದರು ಅವರು.

ಆ ಅಜ್ಜಿಯ ಕಥೆಯಲ್ಲಿ ಈ ಸಂಸ್ಥಾನದ ಅರ್ಧ ಕಥೆ ಇದೆ. ರಷ್ಯದ ರಾಣಿ ಎರಡನೆಯ ಕ್ಯಾಥರೀನ್ 1763ರಲ್ಲಿ ಜರ್ಮನ್ ಬೇಸಾಯಗಾರರನ್ನು ತನ್ನ ದೇಶಕ್ಕೆ ಕರೆದಳು. ಅವಳ ಮೊಮ್ಮಗ ಮೊದಲನೆಯ ಅಲೆಕ್ಸಾಂಡರ್ ಕಪ್ಪು ಸಮುದ್ರದ ಬಯಲಿಗೂ ಕರೆಸಿಕೊಂಡ. ಸೈನ್ಯಕ್ಕೆ ಬರಬೇಕಾಗಿಲ್ಲ, ನಿಮ್ಮ ಭಾಷೆ ಮತಗಳು ನಿಮಗೆ ಎಂದು ಮಾತು ಕೊಟ್ಟಿದ್ದರು. ನೂರು ವರ್ಷದ ಮೇಲೆ, 1871ರಲ್ಲಿ ಆ ಮಾತು ಮುರಿಯಿತು. 1874ರಲ್ಲಿ ಕಡ್ಡಾಯ ಸೈನಿಕ ಸೇವೆ ಬಂತು. ಜನ ಗಂಟುಮೂಟೆ ಕಟ್ಟಿದರು. ಮರವಿಲ್ಲದ ಹುಲ್ಲುಬಯಲು, ಕಡುಚಳಿ, ಗೋಧಿ—ಬಿಟ್ಟುಬಂದದ್ದನ್ನೇ ಡಕೋಟದಲ್ಲಿ ಮತ್ತೆ ಕಂಡರು.

ಅವರಿಗಿಂತ ಮೊದಲು ಆ ಬಯಲು ಖಾಲಿ ಇತ್ತೇ? ಹಳೆಯ ಪಟ್ಟಿ ಹಾಗೆನ್ನುತ್ತದೆ. ಇಂದಿನ ಉತ್ತರ ಡಕೋಟದ ಎಲ್ಲೆಯೊಳಗೆ 1870ರಲ್ಲಿ ಎಣಿಸಿದ್ದು 2,405 ಜನರನ್ನು. ಆದರೆ ತೆರಿಗೆ ಕೊಡದ ಮೂಲನಿವಾಸಿಗಳನ್ನು ಆ ಎಣಿಕೆಗೆ ಸೇರಿಸುತ್ತಿರಲಿಲ್ಲ. ಮಿಸೌರಿ ನದಿಯ ದಂಡೆಯಲ್ಲಿ ಮಣ್ಣಿನ ಮನೆ ಕಟ್ಟಿ ಮುಸುಕಿನ ಜೋಳ ಬೆಳೆಯುತ್ತಿದ್ದ ಮ್ಯಾಂಡನ್ ಜನರ ಊರುಗಳಿಗೆ 1837ರಲ್ಲಿ ಹಡಗಿನೊಡನೆ ಸಿಡುಬು ಬಂತು. ಸಾವಿರದ ಮೇಲಿದ್ದವರಲ್ಲಿ ನೂರೈವತ್ತು ಜನವೂ ಉಳಿಯಲಿಲ್ಲ. ಖಾಲಿಯಾದದ್ದನ್ನು ಖಾಲಿ ಇದ್ದದ್ದು ಎಂದು ಬರೆದುಕೊಂಡರೆ ಲೆಕ್ಕ ಸುಲಭವಾಗುತ್ತದೆ.

ತುಂಬಿಸುವ ಕೆಲಸ ರೈಲು ಕಂಪನಿಗಳದ್ದು. ನಾರ್ದರ್ನ್ ಪೆಸಿಫಿಕ್ ರೈಲು 1872ರಲ್ಲಿ ಕೆಂಪು ನದಿ ದಾಟಿ ಫಾರ್ಗೊಗೆ ಬಂತು. ಮರುವರ್ಷ ಮಿಸೌರಿ ದಂಡೆಗೆ ಮುಟ್ಟಿತು. ಅಲ್ಲಿನ ಊರಿಗೆ ಬಿಸ್ಮಾರ್ಕ್ ಎಂದು ಹೆಸರಿಟ್ಟರು—ಜರ್ಮನ್ ಸಾಹುಕಾರರು ಹೆಸರು ನೋಡಿ ಹಣ ಹೂಡಲಿ ಎಂದು! 1862ರ ಕಾನೂನು ಐದು ವರ್ಷ ನೆಲೆಸಿ ಉತ್ತವನಿಗೆ 160 ಎಕರೆ ಪುಕ್ಕಟೆ ಕೊಡುತ್ತಿತ್ತು. ಹಳಿಯ ಇಕ್ಕೆಲದ ಜಮೀನು ಒಂದು ಚೌಕ ಬಿಟ್ಟು ಒಂದು ಚೌಕ ಕಂಪನಿಗೆ. ಜನ ಬಂದರೆ ಜಮೀನು ಮಾರುತ್ತದೆ, ಗೋಧಿ ಬೆಳೆದರೆ ಬಂಡಿ ತುಂಬುತ್ತದೆ. ನಾರ್ವೆ, ಜರ್ಮನಿಗಳಿಗೆಲ್ಲ ಏಜೆಂಟರು ಹೋದರು. ಭೂಮಿಯನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಗೀಚಿದ್ದರು. ಅಂಥ ಒಂದು ಚೌಕಕ್ಕೆ ಟೌನ್‌ಷಿಪ್ ಎಂದು ಹೆಸರು. 36 ಚದರ ಮೈಲಿಯಲ್ಲಿ 160 ಎಕರೆಯ ತುಂಡುಗಳು 144. ಕಾಗದದ ಮೇಲೆ ಬಹಳ ಚೆಂದ.

ಈ ಚೆಂದವನ್ನು ನಂಬಬೇಡಿ ಎಂದು ಹೇಳಿದವರೂ ಇದ್ದರು. 1889ರ ಆಗಸ್ಟಿನಲ್ಲಿ ಬಿಸ್ಮಾರ್ಕಿನಲ್ಲಿ ಹೊಸ ಸಂಸ್ಥಾನದ ಸಂವಿಧಾನ ರಚನೆಗೆ ಸಭೆ ಸೇರಿದ್ದಾಗ ಭೂಶಾಸ್ತ್ರಜ್ಞ ಜಾನ್ ವೆಸ್ಲಿ ಪೊವೆಲ್ ಬಂದು ಮಾತಾಡಿದ. ಪೂರ್ವಕ್ಕೆ ಮಳೆ ಸಾಕು, ಪಶ್ಚಿಮಕ್ಕೆ ನೀರಾವರಿಯೇ ಗತಿ, ಮೋಸವಿರುವುದು ಇವೆರಡರ ನಡುವೆ. ಅಲ್ಲಿ ಕೆಲವು ವರ್ಷ ಬೆಳೆ ಬಂದು ಜನ ನುಗ್ಗುತ್ತಾರೆ, ಆಮೇಲೆ ಕೆಲವು ವರ್ಷ ಕೈಕೊಡುತ್ತದೆ ಎಂಬುದು ಅವನ ಮಾತಿನ ಸಾರ. ಚಪ್ಪಾಳೆ ಹೊಡೆದು ಕಳಿಸಿದರೆಂದು ಕಾಣುತ್ತದೆ. ಅದೇ ವರ್ಷ ನವೆಂಬರ್ ಎರಡರಂದು ಉತ್ತರ ಡಕೋಟ, ದಕ್ಷಿಣ ಡಕೋಟ ಎರಡೂ ಸಂಸ್ಥಾನಗಳಾದವು. ಯಾವುದು ಮೊದಲೆಂಬ ಜಗಳ ಬೇಡವೆಂದು ಅಧ್ಯಕ್ಷ ಹ್ಯಾರಿಸನ್ ಕಾಗದಗಳನ್ನು ಕಲಸಿ, ಹೆಸರು ಮುಚ್ಚಿ ಸಹಿ ಹಾಕಿದ.

ಆಮೇಲಿನ ಅಂಕಿಗಳು ಏಣಿ ಹತ್ತಿದಂತಿವೆ. 1890ರಲ್ಲಿ 1,90,983, 1900ರಲ್ಲಿ 3,19,146, 1910ರಲ್ಲಿ 5,77,056. ಹೊರದೇಶದಲ್ಲಿ ಹುಟ್ಟಿದವರು, ಅವರ ಮಕ್ಕಳು ಸೇರಿ ಆಗ ನೂರಕ್ಕೆ ಸುಮಾರು ಎಪ್ಪತ್ತು. 1905ರಲ್ಲಿ ಗ್ರೇಟ್ ನಾರ್ದರ್ನ್ ಮತ್ತು ಸೂ ಲೈನ್ ಎಂಬ ಎರಡು ಕಂಪನಿಗಳು ಹಠಕ್ಕೆ ಬಿದ್ದು ಉತ್ತರದ ಭಾಗದಲ್ಲಿ ಹಳಿ ಹಾಸುತ್ತ ಹೋದವು. ಹಳಿಯ ಉದ್ದಕ್ಕೂ ಹತ್ತಾರು ಊರುಗಳು ಒಮ್ಮೆಲೇ ಎದ್ದವು. ಎಂಟು ಹತ್ತು ಮೈಲಿಗೊಂದು ಊರು. ರೈತ ಕುದುರೆ ಗಾಡಿಯಲ್ಲಿ ಗೋಧಿ ತಂದು ಹಾಕಿ ಕತ್ತಲಾಗುವ ಮುನ್ನ ಮನೆ ಸೇರಬೇಕಲ್ಲ! ಪ್ರತಿ ಊರಿಗೂ ಆಕಾಶಕ್ಕೆ ಚಾಚಿದ ಧಾನ್ಯದ ಕಣಜ, ಒಂದು ಬ್ಯಾಂಕು, ಎರಡು ಚರ್ಚು, ಒಂದು ಪತ್ರಿಕೆ. ಕುದುರೆಯ ಕಾಲಿನ ಅಳತೆಗೆ ಹೊಲಿದ ಅಂಗಿ ಅದು. 1930ರಲ್ಲಿ ಜನಸಂಖ್ಯೆ 6,80,845ಕ್ಕೆ ಮುಟ್ಟಿತು. ಪಟ್ಟಣವಾಸಿಗಳು ನೂರಕ್ಕೆ ಹದಿನೇಳಕ್ಕಿಂತ ಹೆಚ್ಚಿಲ್ಲ.

ಈ 6,80,845 ಎಂಬ ಸಂಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಇದನ್ನು ಮೀರಲು ಆ ಸಂಸ್ಥಾನಕ್ಕೆ ಎಂಬತ್ತು ವರ್ಷ ಸಾಲಲಿಲ್ಲ. 2010ರ ಗಣತಿಯಲ್ಲೂ ಸಿಕ್ಕಿದ್ದು 6,72,591 ಮಾತ್ರ. ಅಷ್ಟರಲ್ಲಿ ಅಮೆರಿಕ ದೇಶದ ಜನಸಂಖ್ಯೆ ಎರಡೂವರೆ ಪಟ್ಟಾಗಿತ್ತು.

ಇಳಿತ ಪ್ರಾರಂಭವಾದದ್ದು ಬರದಿಂದ. 1936ನೆಯ ಇಸವಿಯೊಂದೇ ಸಾಕು: ಫೆಬ್ರವರಿಯಲ್ಲಿ ಪಾರ್ಷಲ್ ಎಂಬಲ್ಲಿ ಫ್ಯಾರನ್‌ಹೀಟ್ ಸೊನ್ನೆಗಿಂತ 60 ಡಿಗ್ರಿ ಕೆಳಗೆ, ಜುಲೈಯಲ್ಲಿ ಸ್ಟೀಲ್ ಎಂಬಲ್ಲಿ 121 ಡಿಗ್ರಿ ಮೇಲೆ. ಸಂಸ್ಥಾನದ ಚಳಿಯ ದಾಖಲೆ, ಬಿಸಿಲಿನ ದಾಖಲೆ ಎರಡೂ ಒಂದೇ ವರ್ಷದವು. 1940ಕ್ಕೆ ಜನಸಂಖ್ಯೆ 38,910ರಷ್ಟು ಕುಗ್ಗಿತು. ಹುಟ್ಟಿದವರು ಸತ್ತವರಿಗಿಂತ ಹೆಚ್ಚಿದ್ದರಾಗಿ, ಊರು ಬಿಟ್ಟವರ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದೆಂದು ಬೇರೆ ಹೇಳಬೇಕಿಲ್ಲ.

ಬರವೊಂದನ್ನೇ ದೂರುವುದು ಸರಿಯಲ್ಲ. ಮಳೆ ಮರಳಿ ಬಂದ ಮೇಲೂ ಜನ ಮರಳಲಿಲ್ಲ, ಟ್ರಾಕ್ಟರು ಬಂದಿತ್ತು. ಹತ್ತು ಕುದುರೆ, ನಾಲ್ಕು ಆಳುಗಳ ಕೆಲಸವನ್ನು ಒಬ್ಬನೇ ಮಾಡಿ ಪಕ್ಕದವನ ಜಮೀನನ್ನೂ ಕೊಂಡ. 1935ರಲ್ಲಿ 84,000ಕ್ಕೂ ಮೇಲಿದ್ದ ಒಕ್ಕಲುತನಗಳು 2022ರ ಕೃಷಿಗಣತಿಯ ಹೊತ್ತಿಗೆ ಸುಮಾರು 25,000ಕ್ಕೆ ಇಳಿದಿದ್ದವು; ಒಂದೊಂದರ ಸರಾಸರಿ ವಿಸ್ತಾರ 1,500 ಎಕರೆ. ಭೂಮಿ ಬೀಳು ಬಿದ್ದಿಲ್ಲ. ಬೆಳೆ ಮೊದಲಿಗಿಂತ ಹೆಚ್ಚು. ಬೆಳೆಯುವವರು ಮಾತ್ರ ಕಡಿಮೆ.

ಗ್ರ್ಯಾಂಡ್ ಫೋರ್ಕ್ಸ್ ವಿಶ್ವವಿದ್ಯಾನಿಲಯದ ಚರಿತ್ರೆಯ ಪ್ರಾಧ್ಯಾಪಕ ಎಲ್ವಿನ್ ರಾಬಿನ್‌ಸನ್ 1958ರ ಒಂದು ಭಾಷಣದಲ್ಲಿ, ಆಮೇಲೆ 1966ರಲ್ಲಿ ಪ್ರಕಟವಾದ ತನ್ನ ದೊಡ್ಡ ಗ್ರಂಥದಲ್ಲಿ, ಇದಕ್ಕೆ 'ಅತಿಯಾದದ್ದೇ ತಪ್ಪು' ಎಂಬರ್ಥದ ಹೆಸರಿಟ್ಟ. ಅತಿಯಾದ ಊರುಗಳು, ಅತಿಯಾದ ರೈಲುಹಳಿ, ಅತಿಯಾದ ಶಾಲೆ, ಬ್ಯಾಂಕು, ಒಕ್ಕಲು. ಮಳೆ ಕಡಿಮೆಯ ಆ ನೆಲಕ್ಕೆ ಹೊರಲಾರದ ಭಾರ. ಉಳಿದದ್ದೆಲ್ಲ ಆ ಅತಿಯನ್ನು ಇಳಿಸಿಕೊಳ್ಳುವ ನೋವಿನ ಕೆಲಸ ಎಂಬುದು ಅವನ ವಾದ. ವಾದ ಗಟ್ಟಿಯಾದದ್ದೇ. ಆದರೆ 'ಅತಿ' ಎಂದು ಎಣಿಸಿದ ಶಾಲೆಯಲ್ಲಿ ಅಕ್ಷರ ಕಲಿತವರ ಎದುರು ಕುಳಿತಾಗ ಆ ಮಾತು ಬಾಯಿಗೆ ಸುಲಭವಾಗಿ ಬರುವುದಿಲ್ಲ.

ಅವರು ನನ್ನನ್ನು ತಮ್ಮ ಊರಿಗೆ ಕರೆದುಕೊಂಡು ಹೋದರು. ಮಗಳು ಕಾರು ನಡೆಸಿದಳು. ಪಶ್ಚಿಮಕ್ಕೆ ಜೇಮ್ಸ್‌ಟೌನಿನವರೆಗೆ ಹೆದ್ದಾರಿ, ಅಲ್ಲಿಂದ ದಕ್ಷಿಣಕ್ಕೆ. ಒಟ್ಟು ಮೂರು ಗಂಟೆಯ ದಾರಿ. ವಿಸ್ತಾರದಲ್ಲಿ ಈ ಸಂಸ್ಥಾನ ನಮ್ಮ ಕರ್ನಾಟಕಕ್ಕಿಂತ ತುಸುವೇ ಚಿಕ್ಕದು. ಎಂಟು ಲಕ್ಷದೊಳಗಿನ ಜನ ಅಷ್ಟು ದೊಡ್ಡ ನೆಲದಲ್ಲಿ ಹರಡಿದರೆ ಹೇಗಿರುತ್ತದೆಂಬುದು ಆ ದಾರಿಯಲ್ಲಿ ಗೊತ್ತಾಯಿತು. ಅರ್ಧ ಗಂಟೆಗೊಮ್ಮೆ ಒಂದು ಕಾರು ಎದುರಾದರೆ ಅದರೊಳಗಿನವರು ಸ್ಟಿಯರಿಂಗಿನಿಂದ ಒಂದು ಬೆರಳೆತ್ತುತ್ತಾರೆ. ನಮಸ್ಕಾರವಂತೆ.

ಮೆಕಿಂಟಾಷ್ ಕೌಂಟಿ ಎಂಬುದು ಅವರ ಸೀಮೆ. ಕೌಂಟಿಯೆಂದರೆ ನಮ್ಮ ತಾಲ್ಲೂಕಿನಂಥ ವಿಭಾಗ ಎನ್ನಬಹುದು. ಇಡೀ ಸಂಸ್ಥಾನದಲ್ಲಿ 53 ಇವೆ. 1930ರಲ್ಲಿ ಇಲ್ಲಿ 9,621 ಜನ, 2020ರಲ್ಲಿ 2,530. 2000ದ ಗಣತಿಯಲ್ಲೇ ನೂರಕ್ಕೆ 34 ಮಂದಿ 65 ದಾಟಿದವರು. ನೈಋತ್ಯ ಮೂಲೆಯ ಸ್ಲೋಪ್ ಕೌಂಟಿಯ ಗತಿ ಇನ್ನೂ ಕಠಿಣ: 1920ರಲ್ಲಿ 4,940 ಇದ್ದದ್ದು 2020ರಲ್ಲಿ 706. ಹೊಟ್ಟೆಪಾಡಿಗೆ ಹೋಗುವುದು ಹರೆಯದವರು. ಅವರೊಡನೆ ಅವರಿಗೆ ಹುಟ್ಟಬೇಕಾದ ಮಕ್ಕಳೂ ಹೋಗುತ್ತವೆ. ಮೊದಲು ಶಾಲೆ, ಆಮೇಲೆ ದಿನಸಿ ಅಂಗಡಿ, ಕೊನೆಗೆ ಚರ್ಚು—ಮುಚ್ಚುವುದು ಹೆಚ್ಚುಕಡಿಮೆ ಈ ಕ್ರಮದಲ್ಲಿ ಎಂದು ಅವರು ಹೇಳಿದರು.

ಅವರ ಶಾಲೆ ಇದ್ದ ಕಡೆ ಸೂರ್ಯಕಾಂತಿ ಹೊಲವಿತ್ತು. "ನಾಲ್ಕು ಮೆಟ್ಟಿಲಿದ್ದವು" ಎಂದರು. ಮೆಟ್ಟಿಲೂ ಇರಲಿಲ್ಲ. ಹಾಳೆಯಲ್ಲಿದ್ದ ಮನೆಗಳಲ್ಲಿ ಈಗ ವಾಸವಿರುವುದು ಒಂದೇ. ಅವರ ತಮ್ಮ, 1950ರಲ್ಲಿ ನಾಲ್ಕು ವರ್ಷದವನು, ಅಲ್ಲೇ ಇದ್ದಾನೆ. ಅವನ ಮಗ ಸುತ್ತಲ ನಾಲ್ಕೂ ಒಕ್ಕಲುಗಳ ಜಮೀನನ್ನು ಒಬ್ಬನೇ ಉಳುತ್ತಾನೆ. ಮಧ್ಯಾಹ್ನ ಅವರ ಮನೆಯಲ್ಲಿ ಆಲೂಗೆಡ್ಡೆ, ಹಿಟ್ಟಿನ ಸಣ್ಣ ಉಂಡೆಗಳು, ಕೆನೆ ಹಾಕಿದ ಒಂದು ಸಾರು ಕೊಟ್ಟರು. ನನಗಾಗಿ ಕೋಳಿಯ ರಸ ಬಿಟ್ಟು ಮಾಡಿದ್ದರು. ರಷ್ಯದಿಂದ ಬಂದ ಅಜ್ಜಿಯ ಕೈಪಾಕ. ಭಾಷೆ ಹೋಗಿದೆ, ಸಾರು ಉಳಿದಿದೆ.

ಊಟದ ಮೇಲೆ ತಮ್ಮ ಹುಲ್ಲು ಕತ್ತರಿಸುವ ಯಂತ್ರ ತೆಗೆದ. ಚರ್ಚು ಮುಚ್ಚಿ ಹದಿನಾಲ್ಕು ವರ್ಷವಾದರೂ ಸ್ಮಶಾನದ ಹುಲ್ಲನ್ನು ಅವನೇ ಕತ್ತರಿಸುತ್ತಾನೆ. "ನನ್ನ ಮೊಣಕಾಲು ಬಿದ್ದ ಮೇಲೆ ಮಗ ಮಾಡ್ತಾನೆ. ಅವನ ಮಗಳು ಸಿಯಾಟಲ್‌ನಲ್ಲಿದ್ದಾಳೆ" ಎಂದಷ್ಟೇ ಹೇಳಿದ. ಅದೇ ಕೌಂಟಿಯ ಆಷ್ಲಿ ಊರಿನ ಬಳಿ ಯೆಹೂದಿ ಒಕ್ಕಲಿಗರ ಸ್ಮಶಾನವೊಂದಿದೆ. ರಷ್ಯದ ಕಡೆಯಿಂದಲೇ ಬಂದು ಅಲ್ಲಿ ಗೋಧಿ ಬೆಳೆದವರು ಅವರು. ಆ ಒಕ್ಕಲುಗಳಲ್ಲಿ ಒಂದೂ ಉಳಿದಿಲ್ಲ. ಎಲ್ಲೆಲ್ಲೋ ಇರುವ ಮೊಮ್ಮಕ್ಕಳು ಸ್ಮಶಾನವನ್ನು ನೋಡಿಕೊಳ್ಳುತ್ತಾರೆ.

ಈ ಇಳಿತವನ್ನು ಸುಮ್ಮನೆ ನೋಡುತ್ತ ಕೂತರೆಂದು ಭಾವಿಸಬಾರದು. 1915ರಲ್ಲಿ ಹುಟ್ಟಿದ ರೈತರ ಕೂಟವೊಂದು ಅಧಿಕಾರಕ್ಕೆ ಬಂದು, 1919ರಲ್ಲಿ ಸಂಸ್ಥಾನದ್ದೇ ಬ್ಯಾಂಕನ್ನೂ 1922ರ ಹೊತ್ತಿಗೆ ಸಂಸ್ಥಾನದ್ದೇ ಹಿಟ್ಟಿನ ಗಿರಣಿಯನ್ನೂ ತೆರೆಯಿತು. ಬಂಡವಾಳಶಾಹಿಯ ತವರಿನಲ್ಲಿ ಸರ್ಕಾರದ ಬ್ಯಾಂಕು! ಎರಡೂ ಇಂದಿಗೂ ನಡೆಯುತ್ತಿವೆ. ವಿಮಾನಪಡೆಯ ನೆಲೆಗಳು 1950ರ ದಶಕದಲ್ಲಿ ಒಂದಿಷ್ಟು ಜನರನ್ನು ತಂದವು. 'ಉತ್ತರ' ಎಂಬ ಶಬ್ದ ಕೇಳಿಯೇ ಜನ ಚಳಿಗೆ ಹೆದರುತ್ತಾರೆಂದು ಹೆಸರಿನಿಂದ ಅದನ್ನು ಕಿತ್ತುಹಾಕಲು 1947ರಲ್ಲೂ 1989ರಲ್ಲೂ ಪ್ರಯತ್ನಿಸಿದರು, ಕೈಗೂಡಲಿಲ್ಲ. ದೆಹಲಿಯಂಥ ದೂರದ ರಾಜಧಾನಿಯಲ್ಲಿ ಮಾತಿನ ತೂಕವೂ ಇಳಿಯಿತು: ವಾಷಿಂಗ್ಟನ್ನಿನ ಕೆಳಮನೆಯಲ್ಲಿ ಮೂರಿದ್ದ ಸ್ಥಾನ 1930ರ ಗಣತಿಯ ಮೇಲೆ ಎರಡಾಯಿತು, 1970ರದರ ಮೇಲೆ ಒಂದಾಯಿತು.

1987ರಲ್ಲಿ ಫ್ರ್ಯಾಂಕ್ ಪಾಪರ್, ಡೆಬೊರಾ ಪಾಪರ್ ಎಂಬ ದಂಪತಿಗಳು ನ್ಯೂಜೆರ್ಸಿಯಲ್ಲಿ ಕುಳಿತು ಒಂದು ಲೇಖನ ಬರೆದರು. ಈ ಬಯಲಿನ ಬರಿದಾಗುತ್ತಿರುವ ಭಾಗಗಳನ್ನು ಮತ್ತೆ ಹುಲ್ಲಿಗೂ ಕಾಡೆಮ್ಮೆಗಳಿಗೂ ಬಿಟ್ಟುಬಿಡುವುದು ಲೇಸು ಎಂಬುದು ಅವರ ಸಲಹೆ. ಬಯಲಿನ ಜನ ಕೆರಳಿದರು. 2008ರ ಜನವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಇಲ್ಲಿಯ ಪಾಳುಮನೆಗಳ ಚಿತ್ರ ಹಾಕಿ ಬರಿದಾದ ಹುಲ್ಲುಗಾವಲೆಂದು ಬರೆದಾಗಲೂ ಹಾಗೆಯೇ. ವಿಚಿತ್ರವೆಂದರೆ, ಆ ಸಂಚಿಕೆ ಅಂಗಡಿಗೆ ಬರುವ ಹೊತ್ತಿಗೆ ಪಶ್ಚಿಮದಲ್ಲಿ ಇನ್ನೊಂದು ನೂಕುನುಗ್ಗಲು ಪ್ರಾರಂಭವಾಗಿತ್ತು.

ಎಣ್ಣೆ ಮೊದಲು ಸಿಕ್ಕಿದ್ದು 1951ರಲ್ಲಿ, ಟಯೋಗ ಎಂಬ ಊರಿನ ಹತ್ತಿರದ ಹೊಲದಲ್ಲಿ. ಆದರೆ ಬ್ಯಾಕನ್ ಎಂಬ ಕಲ್ಲುಪದರದೊಳಗಿನ ಎಣ್ಣೆಯನ್ನು, ಅಡ್ಡಡ್ಡ ಕೊರೆದು ನೀರಿನ ಒತ್ತಡದಿಂದ ಕಲ್ಲೊಡೆದು ತೆಗೆಯುವ ವಿದ್ಯೆ ಅಲ್ಲಿ ಫಲ ಕೊಟ್ಟದ್ದು 2006ರಿಂದ ಈಚೆಗೆ. ಜನ ಕಾರಿನಲ್ಲಿ ಮಲಗಿ ಕೆಲಸ ಮಾಡಿದರು. ಕಂಪನಿಗಳು ಗಂಡಸರಿಗೆಂದೇ ಡೇರೆಯೂರುಗಳನ್ನು ಕಟ್ಟಿದವು. ಮೆಕೆಂಜಿ ಕೌಂಟಿ 2010ರಲ್ಲಿ 6,360 ಇದ್ದದ್ದು 2020ರಲ್ಲಿ 14,704. ಆ ದಶಕದಲ್ಲಿ ಇಡೀ ದೇಶದಲ್ಲೇ ಅತಿ ವೇಗವಾಗಿ ಬೆಳೆದ ಕೌಂಟಿ ಅದು. ವಿಲ್ಲಿಸ್ಟನ್ ಊರು 14,716ರಿಂದ 29,160 ಆಯಿತು. ಸಂಸ್ಥಾನದ ಒಟ್ಟು ಜನ 7,79,094. ಕೊನೆಗೂ 1930ನ್ನು ಮೀರಿತು ಎಂದು ಪತ್ರಿಕೆಗಳು ಬರೆದವು.

ಮೀರಿದ್ದು ನಿಜ. ಆದರೆ ಈ ಏಳು ಲಕ್ಷ ಆ ಏಳು ಲಕ್ಷವಲ್ಲ. ಅಂದಿನವರು ಹೊಲದ ನಡುವೆ ಚದುರಿದ್ದರು. ಇಂದಿನವರು ನಾಲ್ಕಾರು ನಗರಗಳಲ್ಲಿ ಮತ್ತು ಎಣ್ಣೆಯ ಬಾವಿಗಳ ಸುತ್ತ ಕೂಡಿದ್ದಾರೆ. 28,619 ಇದ್ದ ಫಾರ್ಗೊ 1,25,990 ಆಗಿದೆ. ನನ್ನ ಮಗಳೂ ಆ ಲೆಕ್ಕದಲ್ಲಿ ಒಬ್ಬಳು. ಸಂಸ್ಥಾನ ನೂರಕ್ಕೆ ಸುಮಾರು ಹದಿನಾರು ಬೆಳೆದ ಅದೇ ದಶಕದಲ್ಲಿ ಮೆಕಿಂಟಾಷ್ ಕೌಂಟಿ 2,809ರಿಂದ ಇಳಿಯಿತು. ಒಟ್ಟು ಮೊತ್ತ ನೋಡಿದವನಿಗೆ ಇದು ಕಾಣುವುದಿಲ್ಲ.

ಇನ್ನೊಂದೂ ಕಾಣುವುದಿಲ್ಲ. ಸಿಡುಬಿನಿಂದ ಉಳಿದ ಮ್ಯಾಂಡನ್ನರು ಹಿಡಾಟ್ಸ, ಅರಿಕಾರ ಜನರೊಡನೆ ಕೂಡಿ ಮಿಸೌರಿ ತಗ್ಗಿನಲ್ಲಿ ಬಾಳುತ್ತಿದ್ದರು. ಗ್ಯಾರಿಸನ್ ಅಣೆಕಟ್ಟಿಗಾಗಿ ಅವರ ಒಂದೂವರೆ ಲಕ್ಷಕ್ಕೂ ಹೆಚ್ಚು ಎಕರೆ ಹೋಯಿತು. 1948ರಲ್ಲಿ ಅದರ ಕರಾರಿಗೆ ಸಹಿಯಾಗುವಾಗ ಅವರ ಮುಖಂಡ ಜಾರ್ಜ್ ಗಿಲೆಟ್ ಕನ್ನಡಕ ತೆಗೆದು ಮುಖ ಮುಚ್ಚಿ ಅತ್ತ ಫೋಟೊ ಪ್ರಸಿದ್ಧವಾಗಿದೆ. ಎಲ್ಬೊವುಡ್ಸ್ ಎಂಬ ಅವರ ಊರು ನೀರಿನಡಿ ಇದೆ. ಹತ್ತರಲ್ಲಿ ಎಂಟು ಮಂದಿ ನೆಲೆ ತಪ್ಪಿ ದಿಬ್ಬ ಹತ್ತಿದರು. ಸಂಸ್ಥಾನದ ಎಲ್ಲೆ ದಾಟಲಿಲ್ಲವಾದ್ದರಿಂದ ಹತ್ತು ವರ್ಷದ ಪಟ್ಟಿಯ ಮೊತ್ತದಲ್ಲಿ ಅದರ ಗುರುತೂ ಇಲ್ಲ.

ಫಾರ್ಗೊ ಬಿಡುವ ಹಿಂದಿನ ದಿನ ಉಪಾಧ್ಯಾಯಿನಿಯವರು ಆ 1950ರ ಹಾಳೆಯ ಇನ್ನೊಂದು ಪ್ರತಿಯನ್ನು ನನಗೆ ಕೊಟ್ಟರು. ಪ್ರತಿ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಏನೋ ಗುರುತು ಹಾಕಿದ್ದರು. ನಾನು ಅಭ್ಯಾಸಬಲದಿಂದ ಕೂಡಿಸಿದೆ. ಇಪ್ಪತ್ತೆಂಟರಲ್ಲಿ ಹನ್ನೆರಡು ಮಂದಿ ನಾವು ನೋಡಿದ ಸ್ಮಶಾನದಲ್ಲಿ. ಆರು ಮಂದಿ ಫಾರ್ಗೊ, ಬಿಸ್ಮಾರ್ಕ್‌ಗಳಿಗೆ ಬಂದವರು, ಅವರನ್ನೂ ಸೇರಿಸಿ. ಎಂಟು ಮಂದಿ ಮಿನ್ನಿಯಾಪೊಲಿಸ್, ಆರೆಗನ್, ಕ್ಯಾಲಿಫೋರ್ನಿಯ. ಒಬ್ಬ ಅಲ್ಲೇ ಉಳಿದ ತಮ್ಮ.

"71ನೆಯ ಹಾಳೆಯವನು?" ಎಂದು ಕೇಳಿದೆ.

"ಸಿಕ್ಕಿದ. ಒಂಟಿ ಮನುಷ್ಯ, ಅರವತ್ತೊಂದು ವರ್ಷ. ಗಣತಿದಾರ ಮೇ ತಿಂಗಳಲ್ಲಿ ಮತ್ತೆ ಹೋಗಿದ್ದ."

ಆದರೂ ಲೆಕ್ಕ ಇಪ್ಪತ್ತೇಳಕ್ಕೇ ನಿಂತಿತು. ಅವರ ಮನೆಯ ಒಂಬತ್ತನೆಯ ಗೆರೆ: ಆಳು, ಇಪ್ಪತ್ತನಾಲ್ಕು ವರ್ಷ, ಮದುವೆಯಾಗಿಲ್ಲ. ಆ ವರ್ಷದ ಸುಗ್ಗಿ ಮುಗಿಸಿ ಹೋದವನನ್ನು ಆಮೇಲೆ ಯಾರೂ ಕಂಡಿಲ್ಲವಂತೆ. 1960ರ ಹಾಳೆಗಳು ಹೊರಬರುವುದು 2032ರಲ್ಲಿ. ಅವನ ಹೆಸರಿನ ಮುಂದೆ ಅವರು ಏನೂ ಬರೆದಿರಲಿಲ್ಲ.